ಕತ್ತೆರಾಜನ ಮಹಜರು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಪ್ರಜೆಗಳು ಆ ವರ್ಷ ಸ್ವಂತ ಮಾತು ಆಡುವುದನ್ನು ನಿಲ್ಲಿಸಿದ್ದರು. ಇದರಿಂದ ಶಾಂತಿಪಾಲನೆಗೆ ಧಕ್ಕೆಯೇನೂ ಬಂದಿಲ್ಲವೆಂದು ಮೇಲಿನವರಿಗೆ ವರದಿ ಹೋಯಿತು. ಜನ ಸ್ವಂತ ಮಾತು ಆಡುತ್ತಿದ್ದ ಕಾಲದಲ್ಲೇ ಜಗಳ ಹೆಚ್ಚಿದ್ದವಂತೆ.

ಕಾರಣ ‘ಮೇಘದುರ್ಗ’ ಎಂಬ ಕಾದಂಬರಿ ಮಾಲೆ. ತಿಂಗಳಿಗೊಂದು ತೆಳ್ಳನೆಯ ಭಾಗ. ಮೋಡದ ಮೇಲೆ ಕಟ್ಟಿದ ಒಂದು ಕೋಟೆ. ಅದನ್ನು ಕಿತ್ತುಕೊಂಡ ಕಪಾಲಘೋಷನೆಂಬ ಮಾಂತ್ರಿಕ. ಅವನ ಶಾಪದಿಂದ ಕತ್ತೆಯಾಗಿ ಭೂಮಿಗೆ ಬಿದ್ದು, ಉಪ್ಪಿನ ಮೂಟೆ ಹೊರುತ್ತಾ ಲೋಕಕ್ಕೆಲ್ಲ ಬುದ್ಧಿ ಹೇಳುವ ಒಬ್ಬ ರಾಜ. ಓದಿದವರು ಸುಮ್ಮನೆ ಇರಬಹುದಿತ್ತು. ಇರಲಿಲ್ಲ. ಒಂದು ಆಟ ಹೂಡಿದರು. ಒಬ್ಬ ಪುಸ್ತಕದೊಳಗಿನ ಒಂದು ಮಾತು ಎಸೆಯಬೇಕು. ಎದುರಿನವನು ಅದನ್ನು ಯಾರಂದರು, ಯಾರಿಗಂದರು ಎಂದು ಥಟ್ಟನೆ ಹೇಳಬೇಕು. ಹೇಳದವನು ಸೋತ.

ಸೊರಬದ ಬಸ್ಸಿನಲ್ಲಿ ಕಂಡಕ್ಟರ್ “ಟಿಕೆಟ್” ಎಂದರೆ, ಉಳವಿಯಲ್ಲಿ ಹತ್ತಿದ ಮುದುಕ “ಗಾಳಿಯಲ್ಲಿ ಹಾರುವವನ ಹತ್ತಿರ ಸುಂಕ ಕೇಳುತ್ತೀಯಾ, ಮೂಢ!” ಎನ್ನುತ್ತಿದ್ದ. ಹಿಂದಿನ ಸೀಟಿನವರೆಲ್ಲ ಎದ್ದು ನಿಂತು “ಕಪಾಲಘೋಷ! ಕೋಟೆ ಬಾಗಿಲ ಕಾವಲಿನವನಿಗೆ!” ಎಂದು ಕೂಗುತ್ತಿದ್ದರು. ಉತ್ತರ ಸರಿಯಿದ್ದರೆ ಕಂಡಕ್ಟರ್ ಮುಂದಕ್ಕೆ ಹೋಗುತ್ತಿದ್ದ. ಕೋರ್ಟಿನಲ್ಲಿ ಒಬ್ಬ ಸಾಕ್ಷಿ ಇಡೀ ಹೇಳಿಕೆಯನ್ನು ಮೇಘದುರ್ಗದ ರಾಣಿಯ ಮಾತಿನಲ್ಲೇ ಕೊಟ್ಟನಂತೆ. ಎದುರು ವಕೀಲರು ಎದ್ದು, ಸಾಕ್ಷಿ ಒಂದು ಪದ ಬಿಟ್ಟಿದ್ದಾನೆಂದು ಮಾತ್ರ ಆಕ್ಷೇಪಿಸಿದರು.

ಈ ಆಟದಲ್ಲಿ ಸೊರಬದ ಬೆಲ್ಲದ ವ್ಯಾಪಾರಿ ಗಂಗಾಧರಪ್ಪನ ಹೆಂಡತಿ ರಾಜೇಶ್ವರಮ್ಮನನ್ನು ಮೀರಿಸಿದವರಿರಲಿಲ್ಲ. ಒಲೆ ಮುಂದೆ ಕೂತು ಅತ್ತೆ ಅಕ್ಕನಾಗಮ್ಮನಿಗೆ ಓದಿ ಹೇಳುತ್ತಾ ಹೇಳುತ್ತಾ ಪುಸ್ತಕವೆಲ್ಲ ಬಾಯಿಪಾಠವಾಗಿತ್ತು. ಗಂಗಾಧರಪ್ಪ ಒಂದು ಪುಟವನ್ನೂ ಓದಿದವನಲ್ಲ. ಆದರೆ ಅವಳು ಓದುವಾಗಲೆಲ್ಲ ಬಾಗಿಲಿಗೆ ಬಂದು “ಒಂದು ಲೋಟ ಕಾಫಿ” ಎಂದು ಕೇಳುವುದನ್ನು ಮಾತ್ರ ತಪ್ಪಿಸಿದವನಲ್ಲ.

ಮಾಲೆ ಮುಗಿಯುವ ತಿಂಗಳು ಬಂತು. ಕೊನೆಯ ಭಾಗದಲ್ಲಿ ಕತ್ತೆಗೆ ಶಾಪ ಕಳೆಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗಬೇಕು. ರಾಜೇಶ್ವರಮ್ಮನಿಗೆ ಜೀವನದಲ್ಲಿ ಬೇರೆ ಆಸೆ ಉಳಿದಿರಲಿಲ್ಲ. ಅದನ್ನು ತಾನೇ ಓದಬೇಕು, ಯಾರೂ ಬಾಯಿ ಬಿಡುವುದಕ್ಕೆ ಮೊದಲು ಓದಬೇಕು. “ಕಥೆ ಕೊನೆ ಇನ್ನೊಬ್ಬರ ಬಾಯಲ್ಲಿ ಕೇಳೋದು ಅಂದ್ರೆ, ಉಂಡೆದ್ದ ಎಲೇಲಿ ಊಟಕ್ಕೆ ಕೂತಂಗೆ ಅತ್ತೆ” ಎನ್ನುತ್ತಿದ್ದಳು. ಅತ್ತೆ ಒಪ್ಪುತ್ತಿದ್ದಳು.

ಆದರೆ ಕೊನೆಯ ಭಾಗ ದೊಡ್ಡ ಊರುಗಳಲ್ಲೇ ಖರ್ಚಾಗಿ, ಈ ಕಡೆಗೆ ಬಂದದ್ದು ಒಂದೇ ಪ್ರತಿ. ಮರುಮುದ್ರಣವಿಲ್ಲವೆಂದು ಪ್ರಕಾಶಕರು ತಿಳಿಸಿದರು. ಅವರು ಆಗಲೇ ಉಪ್ಪಿನಕಾಯಿ ಹಾಕುವ ಕ್ರಮದ ಪುಸ್ತಕಗಳಿಗೆ ಇಳಿದಿದ್ದರು. ಆ ಒಂದು ಪ್ರತಿಯನ್ನು ಸಮಾಜ ಶಿಕ್ಷಣ ಸಂಘಟಕರಾದ ಹುಚ್ಚರಾಯಪ್ಪನವರು ಸರ್ಕಾರದ ಪರವಾಗಿ ಖರೀದಿಸಿದರು. ಜನರಿಗೆ ಜ್ಞಾನ ಹಂಚುವುದು ಅವರ ಕೆಲಸ. ಹಂಚುವ ಮೊದಲು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಪದ್ಧತಿ.

ಎರಡೂ ಊರಿನ ವಾಚನಾಲಯದ ಬಾಗಿಲಿಗೆ ಪ್ರಕಟಣೆ ಬಿತ್ತು.

“ಉಭಯ ತಾಲ್ಲೂಕುಗಳ ಓದುಗ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ‘ಯಾರಂದರು’ ಸ್ಪರ್ಧೆಯನ್ನು ಶಿಕಾರಿಪುರದಲ್ಲಿ ಏರ್ಪಡಿಸಲಾಗಿದೆ. ಗೆದ್ದವರಿಗೆ ಸದರಿ ಗ್ರಂಥವನ್ನು ಪ್ರಥಮತಃ ಓದುವ ಹಕ್ಕು ದತ್ತವಾಗುವುದು. ಉತ್ತರದಲ್ಲಿ ಪಾತ್ರದ ಪೂರ್ಣ ಹೆಸರನ್ನು ಹೇಳತಕ್ಕದ್ದು. ಉತ್ತರವು ಗದ್ಯದಲ್ಲಿರತಕ್ಕದ್ದು. ಹಾಡು, ಸನ್ನೆ, ಕಣ್ಣುಮಿಟುಕು ನಿಷಿದ್ಧ.”

ಪೂರ್ಣ ಹೆಸರಿನ ನಿಯಮಕ್ಕೆ ಹೊಸಬಾಳೆಯ ಒಬ್ಬ ಗೃಹಸ್ಥನೇ ಕಾರಣ. ಹಿಂದಿನ ಒಂದು ಸ್ಪರ್ಧೆಯಲ್ಲಿ ಆತ ಎಲ್ಲ ಪ್ರಶ್ನೆಗೂ “ಅವನೇ” ಎಂದು ಹೇಳಿ, ತಪ್ಪೆಂದು ಸಾಧಿಸಿ ತೋರಿಸಿ ಎಂದು ಪಟ್ಟು ಹಿಡಿದು ಕೂತಿದ್ದ.

ಪ್ರಗತಿ ವರದಿಯಲ್ಲಿ ‘ಸ್ತ್ರೀಯರು’ ಎಂಬ ಅಂಕಣ ಖಾಲಿಯಿದ್ದುದರಿಂದ ಸೊರಬದ ಪರವಾಗಿ ರಾಜೇಶ್ವರಮ್ಮನನ್ನು ಆರಿಸಿದರು. ಶಿಕಾರಿಪುರದ ಪರವಾಗಿ ಅರ್ಜಿ ಬರೆಯುವ ಪರಮಶಿವಪ್ಪ. ಆತ ಗೆದ್ದರೆ ಸಂಜೆಯೊಳಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೊನೆಯನ್ನು ಕೂಗಿ ಹೇಳುತ್ತಾನೆಂಬುದು ಎಲ್ಲರಿಗೂ ಗೊತ್ತಿತ್ತು. ಹಾಗೆಂದು ಆತನೇ ಹೇಳಿಕೊಂಡು ತಿರುಗುತ್ತಿದ್ದ.

ಮನೆಯಲ್ಲಿ ಅಭ್ಯಾಸ ನಡೆಯಿತು. ಅಕ್ಕನಾಗಮ್ಮ ಮಾತು ಎಸೆಯುವುದು, ಸೊಸೆ ಹಿಡಿಯುವುದು. ರಾಣಿ, ಮಾಂತ್ರಿಕ, ಮೂರು ತಲೆಯ ಮೊಸಳೆ, ಎಲ್ಲ ಸಲೀಸು. ಕತ್ತೆಯ ಮಾತು ಬಂದಾಗ ಮಾತ್ರ ರಾಜೇಶ್ವರಮ್ಮನ ಬಾಯಿ ಕಟ್ಟಿತು.

“ಯಾಕೆ ತಾಯಿ, ಮರೆತೋಯ್ತಾ?”

“ಮರೆಯೋದೆಂಗೆ ಅತ್ತೆ? ಆ ಹೆಸರು ನಾನು ಹೇಳಂಗಿಲ್ಲವಲ್ಲ.”

ಆಗ ಅತ್ತೆಗೂ ನೆನಪಾಯಿತು. ಓದುವಾಗ ಎಲ್ಲರೂ ‘ಕತ್ತೆರಾಜ’ ಎನ್ನುತ್ತಿದ್ದರೇ ಹೊರತು, ಶಾಪಕ್ಕೆ ಮೊದಲು ಮೇಘದುರ್ಗ ಆಳುತ್ತಿದ್ದ ಆ ಪುಣ್ಯಾತ್ಮನ ಪೂರ್ಣ ಹೆಸರು ಗಂಗಾಧರ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ. ಮದುವೆ ಮನೆಯಲ್ಲಿ, ಆರತಿಯ ಹೊತ್ತಿನಲ್ಲಿ ಒಡಪು ಕಟ್ಟಿ, ಪ್ರಾಸದೊಳಗೆ ಸುತ್ತಿ ಹೇಳಬಹುದು. ಪದ್ಯದಲ್ಲಿ ಹೇಳಿದ ಹೆಸರು ಯಮನಿಗೆ ಕೇಳಿಸುವುದಿಲ್ಲ.

“ಆ ಮಾತು ಬರದಿರ್ಲಿ ಅಂತ ದೇವರಿಗೆ ಕಾಯಿ ಕಟ್ಟು” ಎಂದಳು ಅಕ್ಕನಾಗಮ್ಮ. “ಇರೋನು ಒಬ್ಬ ಮಗ. ಪುಸ್ತಕಕ್ಕೋಸ್ಕರ ಅವನನ್ನ ಸವೆಸಬ್ಯಾಡ. ಪುಸ್ತಕಾನೂ ಬಿಡಬ್ಯಾಡ.”

ಸ್ಪರ್ಧೆಯ ದಿನ ಶಿಕಾರಿಪುರದ ಶಾಲೆಯ ಅಂಗಳ ತುಂಬಿತ್ತು. ಗಂಗಾಧರಪ್ಪ ಜರತಾರಿ ಅಂಚಿನ ಪೇಟ ಸುತ್ತಿ, ಮುಂದಿನ ಸಾಲಿನಲ್ಲೇ ಕೂತು, ಹೆಂಡತಿ ಬಾಯಿ ತೆರೆದಾಗಲೆಲ್ಲ ಅಕ್ಕಪಕ್ಕದವರಿಗೆ “ನಮ್ಮ ಮನೆಯವಳು” ಎಂದು ಪರಿಚಯ ಹೇಳುತ್ತಿದ್ದ. ಇಬ್ಬರೂ ಸ್ಪರ್ಧಿಗಳು ತಪ್ಪಿಲ್ಲದೆ ಸಮಸಮವಾಗಿ ಬಂದರು. ಸೋಲುಗೆಲುವು ತೀರ್ಮಾನಿಸುವ ಕೊನೆಯ ಮಾತು ರಾಜೇಶ್ವರಮ್ಮನ ಪಾಲಿಗೆ ಬಂತು. ಹುಚ್ಚರಾಯಪ್ಪನವರು ಕನ್ನಡಕ ಒರೆಸಿ ಓದಿದರು:

“ಹೊರೆ ಹೊತ್ತವನಿಗೆ ದಾರಿ ಗೊತ್ತು, ಹೊರಿಸಿದವನಿಗೆ ಗೊತ್ತಿರುವುದು ಕೋಲು ಮಾತ್ರ.”

ದೇವರು ಕಾಯಿ ತಿಂದು ಸುಮ್ಮನಿದ್ದ. ರಾಜೇಶ್ವರಮ್ಮ ಸೆರಗು ಎಳೆದುಕೊಂಡಳು.

“ಸಂತೆ ದಾರೀಲಿ, ಉಪ್ಪು ಮಾರೋನಿಗೆ ಹೇಳಿದ್ದು.”

“ಸರಿ. ಹೇಳಿದವರು?”

“ನಮ್ಮ ಮನೆಯವರು.”

ಇಡೀ ಅಂಗಳ ಒಟ್ಟಿಗೆ ತಿರುಗಿ ಗಂಗಾಧರಪ್ಪನನ್ನು ನೋಡಿತು. ಗಂಗಾಧರಪ್ಪ ಪೇಟ ಸರಿಮಾಡಿಕೊಂಡ.

“ಆಕ್ಷೇಪಣೆ ಸ್ವಾಮಿ!” ಎಂದು ಪರಮಶಿವಪ್ಪ ಎದ್ದ. “ಹೇಳಿದ್ದು ಕತ್ತೆ. ಇವರು ಯಜಮಾನ್ರನ್ನ ತೋರಿಸ್ತಾರೆ.”

“ತಾಯಿ, ಪೂರ್ಣ ಹೆಸರು ಹೇಳತಕ್ಕದ್ದು” ಎಂದರು ಹುಚ್ಚರಾಯಪ್ಪನವರು.

“ಒಡಪಿನಾಗೆ ಹೇಳ್ತೀನ್ರೀ. ಬೆಳ್ಳಿ ಬಟ್ಟಲಾಗೆ ಬೆಣ್ಣೆ...”

“ಪದ್ಯ ನಿಷಿದ್ಧ ತಾಯಿ.”

“ಹಂಗಾದ್ರೆ ಇವರ ಆಯುಷ್ಯಕ್ಕೆ ಇಲಾಖೆ ಜವಾಬ್ದಾರಿ ಹೊರ್ತದಾ?”

ಹುಚ್ಚರಾಯಪ್ಪನವರು ಯೋಚಿಸಿದರು. ಒಬ್ಬ ಪ್ರಜೆಯ ಆಯುಷ್ಯವನ್ನು ಸ್ಪರ್ಧೆಯ ಬಾಬಿನಲ್ಲಿ ಖರ್ಚು ಹಾಕಲು ಅವರಿಗೆ ಅಧಿಕಾರವಿರಲಿಲ್ಲ.

ಗಂಗಾಧರಪ್ಪನಿಗೆ ತಡೆಯಲಾಗಲಿಲ್ಲ. “ಅಲ್ರೀ, ಅದಕ್ಯಾಕೆ ಇಷ್ಟು ರಗಳೆ? ನನ್ನ ಹೆಸರು ನಾನೇ ಹೇಳ್ತೀನಿ. ಗಂಗಾಧರಪ್ಪ! ಬರ್ಕೊಳ್ಳಿ!”

“ನೀವು ಸ್ಪರ್ಧಿಯಲ್ಲ, ಕೂತ್ಕೊಳ್ಳಿ. ಈಗ ಇರುವ ಉತ್ತರ ‘ನಮ್ಮ ಮನೆಯವರು’. ಅದು ನಿಜವೋ ಸುಳ್ಳೋ ಎಂಬುದಷ್ಟೇ ನನ್ನ ಮುಂದಿರುವ ಪ್ರಶ್ನೆ.” ಹುಚ್ಚರಾಯಪ್ಪನವರು ಕನ್ನಡಕ ಏರಿಸಿ ಕೇಳಿದರು, “ಸದರಿ ಮಾತನ್ನು ನೀವು ಯಾವಾಗಲಾದರೂ ಆಡಿದ್ದೀರಾ?”

“ಇಲ್ಲ.”

“ಆಡುವುದಕ್ಕೆ ಅಭ್ಯಂತರವಿದೆಯೇ?”

ಗಂಗಾಧರಪ್ಪ ಹೆಂಡತಿಯ ಕಡೆ ನೋಡಿದ. ಹೆಂಡತಿ ನೆಲ ನೋಡುತ್ತಿದ್ದಳು. ಆದರೆ ಅವಳು ನೆಲ ನೋಡುವ ಬಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಇಲ್ರೀ” ಎಂದ.

ಎದ್ದು ನಿಂತು ಹೇಳಿದ. ಪರಮಶಿವಪ್ಪ ಬಿಡಲಿಲ್ಲ. “ಮೂಲದಲ್ಲಿ ಎರಡು ಕಾಲ ಮೇಲೆ ನಿಂತು ಹೇಳಿಲ್ಲ ಸ್ವಾಮಿ. ಬೆನ್ನ ಮೇಲೆ ಮೂಟೆ ಬೇರೆ ಇತ್ತು.”

ಆಕ್ಷೇಪಣೆ ನ್ಯಾಯವಾಗಿತ್ತು. ಹತ್ತಿರದ ಅಂಗಡಿಯಿಂದ ಉಪ್ಪಿನ ಮೂಟೆ ತರಿಸಿದರು. ಬೆಲ್ಲದ ಮೂಟೆಯಾದರೆ ಹೊರುತ್ತೇನೆ, ಅದು ತನ್ನ ಕಸುಬು ಎಂದು ಗಂಗಾಧರಪ್ಪ ಕೇಳಿಕೊಂಡರೂ ಮೂಲಕ್ಕೆ ವಿರುದ್ಧವೆಂದು ಒಪ್ಪಲಿಲ್ಲ. ಉಪ್ಪು ಮಾರುವವನ ಜಾಗದಲ್ಲಿ, ಆಕ್ಷೇಪಣೆ ಎತ್ತಿದವರೇ ನಿಲ್ಲತಕ್ಕದ್ದೆಂದು ಪರಮಶಿವಪ್ಪನ ಕೈಗೆ ಕೋಲು ಕೊಟ್ಟರು. ಗಂಗಾಧರಪ್ಪ ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ನಾಲ್ಕು ಕಾಲಿನಲ್ಲಿ ನಿಂತು, ಮೂಟೆಯ ಕೆಳಗಿನಿಂದ ತಲೆಯೆತ್ತಿ ಆ ಮಾತು ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ ಹೆಂಗಸರು ಕಣ್ಣೊರೆಸಿಕೊಂಡರು. ಪರಮಶಿವಪ್ಪ ಕೂಡ ಕೋಲು ಕೆಳಗಿಟ್ಟ.

ಸ್ಥಳದಲ್ಲೇ ಮಹಜರು ಆಯಿತು. “ಸೊರಬದ ಬೆಲ್ಲದ ವ್ಯಾಪಾರಿ ಗಂಗಾಧರಪ್ಪನೇ ಸದರಿ ಮಾತನ್ನಾಡಿದ ಕತ್ತೆಯೆಂದು ನಾವು ಪಂಚರು ಕಣ್ಣಾರೆ ಕಂಡು ರುಜು ಹಾಕಿದ್ದೇವೆ.” ರಾಜೇಶ್ವರಮ್ಮ ಗೆದ್ದಳೆಂದು ಸಾರಿದರು. ಅವಳು ಕೈ ಚಾಚಿದಳು.

ಹುಚ್ಚರಾಯಪ್ಪನವರು ಪುಸ್ತಕ ಕೊಡಲು ಎತ್ತಿದವರು ಹಾಗೇ ನಿಂತರು. “ಒಂದು ತೊಡಕಿದೆ ತಾಯಿ. ಈ ಗ್ರಂಥದಲ್ಲಿ ತೀರ್ಮಾನವಾಗುವುದು ಕತ್ತೆಯ ಭವಿಷ್ಯ. ಕತ್ತೆ ನಿಮ್ಮ ಯಜಮಾನರು ಎಂದು ಈಗಷ್ಟೇ ಸಿದ್ಧವಾಗಿದೆ. ಸಂಬಂಧಪಟ್ಟ ವ್ಯಕ್ತಿಯ ಮನೆಯವರಿಗೆ ಕಡತವನ್ನು ಮುಂಚೆ ತೋರಿಸುವಂತಿಲ್ಲ.”

“ಗೆದ್ದದ್ದು ನಾನಲ್ಲೇನ್ರೀ?”

“ಗೆದ್ದಿರುವುದರಿಂದಲೇ ತಾಯಿ. ಸೋತಿದ್ದರೆ ಈ ತೊಡಕು ಬರುತ್ತಿರಲಿಲ್ಲ.”

ಪುಸ್ತಕಕ್ಕೆ ಖಾಕಿ ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ತಿರುಗಿ ಬೀರುವಿಗೆ ಸೇರಿಸಿದರು. ಬಸ್ಸಿನಲ್ಲಿ ಸೊರಬದವರೆಗೂ ರಾಜೇಶ್ವರಮ್ಮ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಗಂಗಾಧರಪ್ಪ ಸೊಂಟ ಒತ್ತಿಕೊಳ್ಳುತ್ತಾ, “ಮಾತು ಚೆನ್ನಾಗಿ ಬಂತಾ?” ಎಂದು ಒಂದು ಸಲ ಕೇಳಿದ.

ಮರುದಿನ ಅಂಗಡಿಯ ಮುಂದೆ ಜನ. ಉಡುತಡಿಯಿಂದ ಬಂದ ಉಜ್ಜಪ್ಪ ಒಂದು ಹೊರೆ ಹಸಿಹುಲ್ಲು ತಂದು ಭಕ್ತಿಯಿಂದ ಮುಂದಿಟ್ಟ.

“ಪುಸ್ತಕ ಬೀಗದಾಗೆ ಐತೆ. ಕತ್ತೆ ಹೊರಗೆ ಐತೆ. ಅದಕ್ಕೇ ಕೇಳಾಣ ಅಂತ ಬಂದ್ವಿ. ಕೊನಿಗೆ ಏನಾದ್ರಿ ಯಜಮಾನ್ರೇ?”

ಗಂಗಾಧರಪ್ಪ ಹುಲ್ಲನ್ನು ಹಿತ್ತಿಲ ಹಸುವಿಗೆ ಕಳಿಸಿ, “ನಾಳೆ ಬರ್ರಿ, ಹೇಳ್ತೀನಿ” ಎಂದು ಒಳಗೆ ಹೋದ. ರಾಜೇಶ್ವರಮ್ಮ ಹಳೆಯ ಭಾಗವೊಂದನ್ನು ಮತ್ತೆ ಓದುತ್ತಾ ಕೂತಿದ್ದಳು. ಬಾಯಿ ತೆರೆದವನು ಅಭ್ಯಾಸಬಲದಿಂದ ಮೊದಲು ಕಾಫಿ ಕೇಳಿದ. ಆಮೇಲೆ ತನಗೇನಾಯಿತೆಂದು ಕೇಳಿದ.

ರಾಜೇಶ್ವರಮ್ಮ ಪುಸ್ತಕ ಮಡಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಶಾಪ ಕಳೀತು ಅಂತ ಹೇಳ್ರಿ. ಮನುಷ್ಯ ಆದ್ರಿ. ಆದ್ರೆ ಒಂದು ಷರತ್ತು ಐತೆ. ಹೆಂಡ್ತಿ ಓದೋ ಹೊತ್ನಾಗೆ ಕಾಫಿ ಕೇಳಿದ್ರೆ ಮತ್ತೆ ಕತ್ತೆ.”

ಗಂಗಾಧರಪ್ಪ ಹಾಗೆಯೇ ಹೇಳಿದ. ಹೇಳಿದವನು ಮಹಜರಿನ ಪ್ರಕಾರ ಸ್ವತಃ ಕತ್ತೆಯಾದುದರಿಂದ ಯಾರೂ ಸಂಶಯಪಡಲಿಲ್ಲ. ಬಸ್ಸು ಹತ್ತಿ ಆ ಕೊನೆ ಎರಡೂ ತಾಲ್ಲೂಕು ಸುತ್ತಿತು. ಓದುವ ಹೆಂಡತಿಯಿದ್ದ ಗಂಡಸರು ತಾವೇ ಒಲೆ ಹಚ್ಚಲು ಕಲಿತರು. ಓದು ಬಾರದ ಹೆಂಗಸರೂ ಕೈಯಲ್ಲೊಂದು ಪುಸ್ತಕ ಹಿಡಿದು ಕೂರತೊಡಗಿದರು. ಇದನ್ನು ಹುಚ್ಚರಾಯಪ್ಪನವರು ವಯಸ್ಕರ ಶಿಕ್ಷಣದ ಪ್ರಗತಿಯೆಂದು ವರದಿಯಲ್ಲಿ ಸೇರಿಸಿದರು. ಮೇಲಿನವರು ಮೆಚ್ಚಿದರು.

ಅಷ್ಟರಲ್ಲಿ ಲೆಕ್ಕ ತಪಾಸಣೆಯವರು ಬಂದು ಆಕ್ಷೇಪಣೆ ಬರೆದರು: “ಓದಲೆಂದು ಖರೀದಿಸಿದ ಗ್ರಂಥವನ್ನು ಓದಿರುವುದಿಲ್ಲ. ಸಮಜಾಯಿಷಿ ಕೊಡುವುದು.”

ಹುಚ್ಚರಾಯಪ್ಪನವರು ಖಾಕಿ ಗಂಟು ಹಿಡಿದು ಸೊರಬಕ್ಕೆ ಬಂದರು. ಜಗುಲಿಯಲ್ಲಿ ಕೂತು, ಕೊಟ್ಟ ಬೆಲ್ಲ ನೀರು ಕುಡಿದು, ವಿಷಯ ತೆಗೆದರು.

“ಗ್ರಂಥವನ್ನು ತೆರೆಯಲೇಬೇಕಾಗಿದೆ ತಾಯಿ. ಆದರೆ ಕೊನೆ ಈಗಾಗಲೇ ಸಾರ್ವಜನಿಕವಾಗಿ ಜಾರಿಗೆ ಬಂದಿದೆ. ಅಚ್ಚಾದದ್ದು ಅದಕ್ಕೆ ಸರಿಹೊಂದುತ್ತದೋ ಇಲ್ಲವೋ ತಾಳೆ ನೋಡತಕ್ಕದ್ದು. ತಾಳೆ ನೋಡುವವರಿಗೆ ನಿಜವಾದ ಕಥೆ ಮೊದಲೇ ಗೊತ್ತಿರಬೇಕು. ಗೊತ್ತಿರುವುದು ನಿಮ್ಮ ಮನೆಯಲ್ಲಿ.”

“ಸಂಬಂಧಪಟ್ಟ ಮನೆಯವರು ಓದಂಗಿಲ್ಲ ಅಂದಿದ್ರಿ?”

“ಓದುವಂತಿಲ್ಲ, ನಿಜ. ತಾಳೆ ನೋಡುವುದು ಓದುವುದಲ್ಲ.”

ರಾಜೇಶ್ವರಮ್ಮ ಕೈ ತೊಳೆದು ಬಂದಳು. ಅರಗು ಒಡೆದು, ನಡುಮನೆಯ ಕಂಬಕ್ಕೆ ಒರಗಿ, ಮೊದಲ ಪುಟದಿಂದ ಶುರು ಮಾಡಿದಳು. ಊರಲ್ಲಿ ಯಾರೂ ಮುಟ್ಟದ ಹಾಳೆಗಳು, ಅಂಚು ಕತ್ತರಿಸಿರಲಿಲ್ಲ. ಪೊರಕೆಯ ಹಂಚಿಕಡ್ಡಿಯಿಂದ ಬಿಡಿಸಿಕೊಳ್ಳುತ್ತಾ ಹೋದಳು. ಅತ್ತೆಗೂ ಜೋರಾಗಿ ಓದಿ ಹೇಳಲಿಲ್ಲ. ಅತ್ತೆ ಕೇಳಲೂ ಇಲ್ಲ. ಸೊಸೆಯ ಮುಖವನ್ನೇ ನೋಡುತ್ತಾ ಹೂಬತ್ತಿ ಹೊಸೆಯುತ್ತಿದ್ದಳು. ಜಗುಲಿಯಲ್ಲಿ ಹುಚ್ಚರಾಯಪ್ಪನವರಿಗೆ ಬಾಯಿ ಒಣಗಿತು. ಕಾಫಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಗಂಗಾಧರಪ್ಪ ಅವರ ಮೊಣಕೈ ಹಿಡಿದು ಬೇಡವೆಂದು ತಲೆಯಾಡಿಸಿದ. ಇಬ್ಬರೂ ಬಾಯಿ ಮುಚ್ಚಿ ಕೂತರು.

ಕೊನೆಯ ಪುಟ ಮುಗಿದಾಗ ರಾಜೇಶ್ವರಮ್ಮ ಸ್ವಲ್ಪ ಹೊತ್ತು ಎದ್ದೇಳಲಿಲ್ಲ. ಕಣ್ಣೊರೆಸಿಕೊಂಡಳು, ಒಬ್ಬಳೇ ನಕ್ಕಳು, ಆಮೇಲೆ ಹೊರಗೆ ಬಂದಳು.

“ಪುಸ್ತಕದಾಗೆ ತಪ್ಪು ಅದಾವ್ರೀ.”

“ಬಹಳವೇ?”

“ಕೊನೇ ಅಧ್ಯಾಯ ಪೂರ್ತಿ.”

ಹುಚ್ಚರಾಯಪ್ಪನವರಿಗೆ ಹಗುರವಾಯಿತು. ತಪ್ಪು ಅಲ್ಲಲ್ಲಿ ಇದ್ದರೆ ತಿದ್ದುವ ಕೆಲಸ. ಪೂರ್ತಿ ಇದ್ದರೆ ರದ್ದು ಮಾಡಿದರಾಯಿತು. ಸದರಿ ಅಧ್ಯಾಯದ ಹಾಳೆಗಳನ್ನು ಮೈದಾ ಅಂಟಿನಿಂದ ಒಂದಕ್ಕೊಂದು ಅಂಟಿಸಿ, ಮೇಲೆ ಕಚೇರಿ ಮೊಹರು ಹಾಕಿ, ಗ್ರಂಥವನ್ನು ವಾಚನಾಲಯಕ್ಕೆ ಕಳಿಸಿದರು. ಓದುಗರು ಅಲ್ಲಿಯವರೆಗೆ ಓದಿ, ಪುಸ್ತಕ ಹಿಂದಿರುಗಿಸಿ, ಉಳಿದದ್ದಕ್ಕೆ ಬೆಲ್ಲದಂಗಡಿಗೆ ಬರುವುದು ರೂಢಿಯಾಯಿತು. ಪರಮಶಿವಪ್ಪನೂ ಬಂದ. ಕೇಳಿ, ಆಕ್ಷೇಪಣೆಯಿಲ್ಲ ಎಂದು ಹೋದ.

ಹೀಗೆ ಎಲ್ಲ ಸುಸೂತ್ರವಾದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಗಂಗಾಧರಪ್ಪ ಮೆಲ್ಲಗೆ ಕೇಳಿದ.

“ಅಲ್ಲ ಕಣೇ, ಅಂಟು ಹಾಕಿದ್ದರೊಳಗೆ ನಿಜವಾಗ್ಲೂ ನನಗೇನಾಯ್ತು?”

“ಅದೆಂಗೆ ಹೇಳಲಿ?” ಎಂದಳು ರಾಜೇಶ್ವರಮ್ಮ, ಅವನ ತಟ್ಟೆಗೆ ತುಪ್ಪ ಬಡಿಸುತ್ತಾ. “ಓದದವರಿಗೆ ಕೊನೆ ಹೇಳಬಾರದು. ರುಚಿ ಕೆಡ್ತದೆ.”

ಅದು ನ್ಯಾಯವೇ ಎಂದು ಗಂಗಾಧರಪ್ಪನಿಗೂ ತೋರಿತು. ತಲೆಯಾಡಿಸಿ, ಅನ್ನ ಕಲಸಿಕೊಂಡ.