ಅಮ್ಮ ಒಪ್ಪಿದ ಕಾರು

ನಡುವಯಸ್ಸು ದಾಟಿದ ಗಂಡಸು ಕುಡಿಯುವುದನ್ನು ಕಲಿತರೆ ನಂಟರು ಕ್ಷಮಿಸುತ್ತಾರೆ. ಇಸ್ಪೀಟು ಕಲಿತರೆ ಪಕ್ಕದಲ್ಲೇ ಕೂತು ಎಲೆ ಹೇಳಿಕೊಡುತ್ತಾರೆ. ಅದೇ ಗಂಡಸು ಒಂದು ವಿದ್ಯೆ ಕಲಿಯುತ್ತೇನೆಂದು ಹೊರಡಲಿ, ಮನೆಯಲ್ಲಿ ತುರ್ತುಪರಿಸ್ಥಿತಿ ಜಾರಿಗೆ ಬರುತ್ತದೆ. ಕೊಯಮತ್ತೂರಿನ ನಾಚಿಮುತ್ತುವಿನ ಮನೆಯಲ್ಲಿ ಅದು ಜಾರಿಗೆ ಬಂದು ವರ್ಷವಾಗುತ್ತ ಬಂದಿತ್ತು.

ನಾಚಿಮುತ್ತು ಹೊಟ್ಟೆಪಾಡಿಗೆ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವವನು. ಪ್ರಾಣ ಮಾತ್ರ ಬೇರೆ ಕಡೆ ಇತ್ತು. ಒಂದು ಭಾನುವಾರ ಊರಾಚೆಯ ರೇಸ್ ಮೈದಾನದ ಬೇಲಿಗೆ ಅಂಟಿಕೊಂಡು ನಿಂತಾಗ ಅವನೊಂದು ಪವಾಡ ಕಂಡಿದ್ದ. ನೆಗಡಿ ಹಿಡಿದ ಎಮ್ಮೆಯಂತೆ ಕೆಮ್ಮುತ್ತಿದ್ದ ಕಾರಿನೊಳಗೆ ಒಬ್ಬ ಹೆಂಗಸು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಳು, ಏನೋ ಅಂಕಿ ಬದಲಿಸಿದಳು. ಸ್ಪ್ಯಾನರ್ ಮುಟ್ಟಲಿಲ್ಲ, ಕೈಗೆ ಎಣ್ಣೆ ಹತ್ತಲಿಲ್ಲ. ಕಾರು ಗಂಟಲು ಸರಿಮಾಡಿಕೊಂಡು ಹಾಡತೊಡಗಿತು! ಎಷ್ಟು ಪೆಟ್ರೋಲು, ಯಾವ ಗಳಿಗೆಗೆ ಕಿಡಿ ಎಂದು ಎಂಜಿನ್ನಿಗೆ ಅಪ್ಪಣೆ ಕೊಡುವ ಅಂಗೈಯಗಲದ ಕಂಪ್ಯೂಟರು ಒಳಗಿರುತ್ತದೆ. ಅದರ ಮನಸ್ಸು ತಿದ್ದಿದರೆ ಕಾರಿನ ಹಣೆಬರಹವೇ ಬೇರೆ. ಅಂದಿನಿಂದ ಆ ದನಿ ಅವನ ಕಿವಿ ಬಿಡಲಿಲ್ಲ. ಅಕ್ಕಿಬೇಳೆಯ ಅರಿಸಿಪರುಪ್ಪು ಅನ್ನ ಕುಕ್ಕರಿನಲ್ಲಿ ಕೂಗಿದರೂ ಅವನು ತಟ್ಟೆ ಬಿಟ್ಟು ಅದರ ಲಯ ಕೇಳುತ್ತಿದ್ದ.

ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಬಂತು. ಫೋನಿನಲ್ಲಿ ಪಾಠವೂ ಆಯಿತು. ಇನ್ನು ಬೇಕಾದದ್ದು ಕಾರು.

ಉಕ್ಕಡಂನ ಹಳೆ ಕಾರಿನ ದಲ್ಲಾಳಿ ಹನೀಫಾ ಹೊಳೆಯುವ ಬಿಳಿ ಕಾರೊಂದರ ಬೆನ್ನು ಸವರಿದ. "ಅಣ್ಣಾ, ಒಬ್ಬ ಡಾಕ್ಟರು ಓಡಿಸಿದ್ದು."

(ಈ ಊರಿನ ಹಳೆ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ರೋಗಿಗಳನ್ನು ನೋಡಿದವರು ಯಾರು?)

"ಇಷ್ಟು ಚೆನ್ನಾಗಿರೋದು ಬೇಡ ಭಾಯ್. ಕೆಟ್ಟುಹೋದರೆ ಯಾರೂ ಅಳಬಾರದು, ಅಂಥದ್ದು ತೋರಿಸಿ."

"ಅಳಬಾರದಾ? ಗಾಡಿ ಬೇಕೋ ಅತ್ತೆಗೆ ಗಂಡು ಬೇಕೋ?"

"ತೀರಾ ಹಳೇದೂ ಬೇಡ, ಅದರಲ್ಲಿ ಕಂಪ್ಯೂಟರೇ ಇರಲ್ಲ. ಹೊಸದು ಬೇಡವೇ ಬೇಡ, ಕಂಪ್ಯೂಟರಿಗೆ ಬೀಗ ಹಾಕಿರ್ತಾರೆ. ನಾನು ಒಂದು ಸುಟ್ಟರೆ ಗುಜರಿಯಲ್ಲಿ ಅಂಥದ್ದೇ ಇನ್ನೊಂದು ಸಿಗಬೇಕು."

"ಸುಡೋಕೇ ಕಾರು ತಗೊಳ್ಳೋ ಗಿರಾಕಿ ಇವತ್ತೇ ನೋಡಿದ್ದು!" ಎನ್ನುತ್ತ ಹನೀಫಾ ಹಿಂಬದಿಗೆ ಕರೆದೊಯ್ದ. ಅಲ್ಲಿ ಬಣ್ಣ ಮಾಸಿದ ಪುಟ್ಟ ನೀಲಿ ಕಾರೊಂದು ಬೇವಿನ ಎಲೆ ಹೊದ್ದು ಮಲಗಿತ್ತು. ಕೀಲಿ ತಿರುವಿದರೆ ಎಂಜಿನ್ನು ನಾಲ್ಕು ಮಾತಾಡಿ ಐದನೆಯದನ್ನು ನುಂಗಿತು. ನಾಚಿಮುತ್ತುವಿನ ಕಣ್ಣು ತುಂಬಿಬಂತು. ಆ ನುಂಗಿದ ಮಾತನ್ನು ಆಡಿಸಬಲ್ಲವನು ತಾನು!

ಮನೆಯಲ್ಲಿ ಹೆಂಡತಿ ಮರಗದಂ ಒರಳು ತಿರುವುವ ಕೈ ನಿಲ್ಲಿಸದೆ ಕೇಳಿದಳು: "ಕಾರು ಎಲ್ಲಿಗೆ ಹೋಗೋಕ್ಕೆ?"

"ಹೋಗೋಕ್ಕಲ್ಲ. ಕಲಿಯೋಕ್ಕೆ."

"ಓಡಿಸೋದು ನಿಮಗೆ ಬರುತ್ತಲ್ರೀ?"

"ಓಡಿಸೋದಲ್ಲ ಮರಗದಂ, ಅದರ ತಲೆ ಬಿಚ್ಚಿ…"

"ಮಿಕ್ಸಿಯ ತಲೆ ಬಿಚ್ಚಿದಿರಿ, ನಾನು ಒರಳಿಗೆ ಬಂದೆ. ಕಾರಿನ ತಲೆ ಬಿಚ್ಚಿ, ಎತ್ತಿನಗಾಡಿಗೆ ಬರ್ತೀನಿ." ಆಮೇಲೆ ಕೈ ತೊಳೆದು ಅಂತಿಮ ತೀರ್ಪು ಕೊಟ್ಟಳು: "ಅಂಗಾಳಮ್ಮನ ಹತ್ತಿರ ಹೂ ಕೇಳೋಣ. ಅಮ್ಮ ಒಪ್ಪಿದರೆ ನಾನ್ಯಾರು?"

ಅವರ ಕಡೆ ಮದುವೆಯಿರಲಿ ಬಾವಿಯಿರಲಿ, ಮನೆದೇವರ ಮುಂದೆ ಹೂ ಕೇಳದೆ ಆಗದು. ಎಲೆಯಲ್ಲಿ ಸುತ್ತಿದ ಎರಡು ಪೊಟ್ಟಣ: ಒಂದರಲ್ಲಿ ಬಿಳಿ, ಒಂದರಲ್ಲಿ ಕೆಂಪು. ದರ್ಶನಕ್ಕೆ ಬಂದ ಯಾವುದಾದರೂ ಮಗು ಒಂದನ್ನೆತ್ತಿಕೊಡುತ್ತದೆ. ಬಿಳಿ ಬಂದರೆ ಅಪ್ಪಣೆ, ಕೆಂಪು ಬಂದರೆ ಬೇಡ.

ಪೊಟ್ಟಣ ಕಟ್ಟುವ ಕೆಲಸ ನಾಚಿಮುತ್ತು ತಾನೇ ವಹಿಸಿಕೊಂಡ. ಎರಡರಲ್ಲೂ ಬಿಳಿ ನಂದಿಬಟ್ಟಲನ್ನೇ ತುರುಕಿದ. ದೇವರನ್ನು ಮುಂದಿಟ್ಟು ಮೋಸ ಮಾಡುವುದು ನೀಚ ಕೆಲಸ. ಮಂತ್ರಿ ಮಾಡಲಿ, ಮೋಟರು ಸುತ್ತುವವನು ಮಾಡಲಿ, ರಿಯಾಯಿತಿ ಇಲ್ಲ. ಆದರೆ ಕಲಿಯುವುದಕ್ಕೂ ಕದಿಯಬೇಕಾದ ಸ್ಥಿತಿಗೆ ಮನುಷ್ಯನನ್ನು ತಂದವರಿಗೆ ಏನನ್ನೋಣ?

ಬಿಳಿ ಬಂತು. ಉಳಿದ ಪೊಟ್ಟಣ ಯಾರೂ ಕೇಳುವ ಮೊದಲೇ ಅವನ ಜೇಬು ಸೇರಿತು. ಮರಗದಂ ಗಳಗಳನೆ ಅತ್ತು ಕೆನ್ನೆ ಕೆನ್ನೆ ಬಡಿದುಕೊಂಡಳು. "ತಪ್ಪಾಯ್ತು ತಾಯೀ, ನಿನ್ನ ಮನಸ್ಸು ತಿಳೀದೆ ಅಡ್ಡ ಬಂದೆ!"

ಕಾರು ಬಂತು. ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಗಾಜಿನ ಮೇಲೆ 'ಅಂಗಾಳಮ್ಮನ್ ತುಣೈ', ಅಂದರೆ ಅಂಗಾಳಮ್ಮನೇ ಆಸರೆ, ಎಂದು ಬರೆಸಿದ್ದಾಯಿತು. ಎಂಜಿನ್ನಿನ ಮುಚ್ಚಳಕ್ಕೆ ಅರಿಶಿನ ಕುಂಕುಮ. ನಾಚಿಮುತ್ತು ಲ್ಯಾಪ್‌ಟಾಪಿನ ತಂತಿ ಹಿಡಿದು ಮದುಮಗನ ಸಂಭ್ರಮದಿಂದ ಬಾಗಿಲು ತೆಗೆದ.

"ಏನ್ರೀ ಅದು ಕೈಯಲ್ಲಿ?"

"ಕಂಪ್ಯೂಟರಿಗೆ ಸಿಗಿಸೋದು. ಸ್ವಲ್ಪ ತಿದ್ದಬೇಕು."

"ತಿದ್ದೋದಾ? ಅಮ್ಮ ಆರಿಸಿ ಕೊಟ್ಟ ಗಾಡೀನಾ? ಅವಳು ಕೊಟ್ಟದ್ದರಲ್ಲಿ ತಪ್ಪು ಹುಡುಕ್ತೀರಾ?"

"ಅಮ್ಮ ಎಲ್ಲಿ ಆರಿಸಿದ್ದು…" ನಾಲಿಗೆ ಅರ್ಧದಾರಿಗೆ ಬಂದು ನಿಂತಿತು.

"ಮತ್ತೆ ಯಾರು ಆರಿಸಿದ್ದು?"

ನಾಚಿಮುತ್ತು ತಂತಿ ಸುತ್ತಿಟ್ಟ. (ಸುತ್ತುವುದರಲ್ಲಿ ಅವನಿಗೆ ಸರಿಸಾಟಿಯಿಲ್ಲ.) ಅಂದಿನಿಂದ ಆ ಕಾರು ಓಡಾಡುವ ಗುಡಿಯಾಯಿತು. ಬೀದಿಯ ಬಾಣಂತಿಯರು ಆಸ್ಪತ್ರೆಯಿಂದ ಅದರಲ್ಲೇ ಬರಬೇಕೆಂದರು. ಅವನು ಸಂಜೆ ಒಬ್ಬನೇ ಹೋಗಿ ಕೂತು, ಕೀಲಿ ತಿರುವಿ, ಆ ನುಂಗುವ ಮಾತಿಗೆ ಕಿವಿಗೊಡುತ್ತಿದ್ದ. ಮುಟ್ಟಬಾರದೆಂದು ಅಪ್ಪಣೆಯಾದ ಮಗುವಿನ ಬಿಕ್ಕಳಿಕೆ ಕೇಳುವ ತಂದೆಯಂತೆ.

ಕೊನೆಗೆ ತಾಳಲಾರದೆ ಹೇಳಿದ: "ತಿದ್ದಬಹುದೋ ಬಾರದೋ ಅಂತ ಅಮ್ಮನನ್ನೇ ಇನ್ನೊಂದು ಸಲ ಕೇಳೋಣ. ಪೊಟ್ಟಣ ನಾನೇ…"

"ಈ ಸಲ ನಾನು ಕಟ್ತೀನಿ," ಎಂದಳು ಮರಗದಂ. "ಪ್ರತಿಸಲ ನಿಮಗ್ಯಾಕೆ ಶ್ರಮ?"

ಮಗು ಎತ್ತಿಕೊಟ್ಟಿತು. ಪೂಜಾರಿ ಎಲೆ ಬಿಡಿಸಿದ. ಕೆಂಪು ಕಣಗಿಲೆ.

ನಾಚಿಮುತ್ತು ಇನ್ನೊಂದು ಪೊಟ್ಟಣದತ್ತ ನೋಡಿದ. ಅಷ್ಟರಲ್ಲಿ ಅದು ಮರಗದಂಳ ಕೈಚೀಲದೊಳಗಿತ್ತು. ಅದನ್ನೂ ಬಿಚ್ಚು ಎನ್ನಲು ಬಾಯಿ ತೆರೆದ.

"ಏನ್ರೀ? ಏನೋ ಕೇಳೋಕೆ ಹೊರಟಿರಿ?" ಅವಳ ದನಿಯಲ್ಲಿ ಬೆಣ್ಣೆ.

ಪ್ರಪಂಚದಲ್ಲಿ ಆ ಪ್ರಶ್ನೆ ಕೇಳುವ ಹಕ್ಕಿಲ್ಲದವನು ಅವನೊಬ್ಬನೇ. "ಏನಿಲ್ಲ," ಎಂದ.

ದಾರಿಯುದ್ದಕ್ಕೂ ಕಾರು ನಾಲ್ಕು ಮಾತಾಡಿ ಐದನೆಯದನ್ನು ನುಂಗುತ್ತಿತ್ತು. ಯಾವ ಅಂಕಿ, ಎಷ್ಟು ಏರಿಸಿದರೆ ಹಾಡೀತು ಎಂಬುದು ಅವನಿಗೆ ಬಾಯಿಪಾಠ.

ಪಕ್ಕದಲ್ಲಿ ಮರಗದಂ ಹಿತವಾಗಿ ಒರಗಿಕೊಂಡಳು. "ಎಷ್ಟು ಚೆನ್ನಾಗಿ ಓಡುತ್ತೆ ನೋಡ್ರೀ, ನೀವು ಕೈ ಹಾಕದೇ ಇದ್ದರೆ!"