ಇಷ್ಟು ಹೊಗೆಗೆ ಸೌದೆ ಹಾಕಿದವನೆಲ್ಲಿ?

ನಮ್ಮ ಭಾವನಷ್ಟು ಉಗಿದೋಣಿಗಳನ್ನು ಬಲ್ಲವರು ಇಡೀ ಟೆಕ್ಸಾಸಿನಲ್ಲಿಲ್ಲ. ಅವರು ಜೀವಮಾನದಲ್ಲಿ ಹತ್ತಿದ್ದು ಒಂದೇ ದೋಣಿ, ರಂಗನತಿಟ್ಟಿನದು; ಅದರಲ್ಲೂ ವಾಂತಿ ಮಾಡಿಕೊಂಡರು ಎನ್ನುವುದು ಬೇರೆ ಮಾತು!

ಭಾವ ರೌಂಡ್ ರಾಕ್‌ನಲ್ಲಿ ಕಂಪ್ಯೂಟರ್ ಇಂಜಿನಿಯರು. ಪಕ್ಕದ ಬೀದಿಯಲ್ಲಿ ಯಾರೋ ಮನೆಯ ಹಳೇ ಸಾಮಾನು ಮಾರುತ್ತಿದ್ದ ಗರಾಜ್ ಸೇಲ್‌ಗೆ ಕುರ್ಚಿ ತರಲು ಹೋದವರು ಒಂದು ಹಳೇ ಪುಸ್ತಕ ತಂದರು. ಹತ್ತೊಂಬತ್ತನೆಯ ಶತಮಾನದ ಯಾರೋ ಅಲೆಮಾರಿ ಕಲಾವಿದ ಇಲ್ಲಿನ ನದಿಗಳುದ್ದಕ್ಕೂ ತಿರುಗಿ ಬರೆದ ಉಗಿದೋಣಿಗಳ ರೇಖಾಚಿತ್ರಗಳು. ಅಂದಿನಿಂದ, ಇರ್ವಿಂಗ್‌ನಿಂದ ಅಷ್ಟು ದೂರ ಡ್ರೈವ್ ಮಾಡಿ ಬಂದ ನೆಂಟರಿಗೂ ಮೊದಲು ದೋಣಿ, ಆಮೇಲೆ ದೋಸೆ.

"ಕ್ಯಾಪ್ಟನ್ ಇದಾನೆ, ಕೊಡೆ ಹಿಡ್ಕೊಂಡ ಹೆಂಗಸರಿದಾರೆ, ನಾಯಿ ಕೂಡ ಇದೆ. ಇಷ್ಟು ಹೊಗೆ ಬರ್ತಿದೆಯಲ್ಲ, ಸೌದೆ ಹಾಕ್ತಿರೋನೆಲ್ಲಿ?" ಎಂದು ಭಾವ ಎಲ್ಲರ ಕೈಗೂ ಭೂತಗನ್ನಡಿ ಕೊಡುತ್ತಿದ್ದರು. ಹಸಿದವನಿಗೆ ಏನು ತಾನೇ ಕಂಡೀತು?

"ಡ್ಯಾಡ್, ದೇ ಆರ್ ಹಂಗ್ರಿ," ಎಂದು ಮಗಳೇ ಕೊನೆಗೆ ಬಿಡಿಸಬೇಕು.

ಒಮ್ಮೆ ಟೇಲರ್ ಎಂಬ ಊರಿನಲ್ಲಿ ಹೊಗೆ ಕಂಡು ಕಾರು ನಿಲ್ಲಿಸಿದರು. ನೋಡಿದರೆ ಮಾಂಸ ಸುಡುವ ಹೋಟೆಲು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಭಾವ ನೇರ ಹಿಂಬದಿಗೆ ಹೋಗಿ, ಅಲ್ಲಿ ಸೌದೆ ತುರುಕುತ್ತಿದ್ದವನ ಕೈ ಕುಲುಕಿ, ಅರ್ಧ ಗಂಟೆ ಹರಟಿ ಬಂದರು. ಅಕ್ಕ ಮನೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಏನ್ರೀ ತಿಂದ್ಕೊಂಡು ಬಂದ್ರಿ?"

"ಏನೂ ತಿನ್ಲಿಲ್ಲ ಕಣೇ. ಒಲೆಯವನನ್ನ ಮಾತಾಡಿಸ್ಕೊಂಡು ಬಂದೆ."

ಜಗತ್ತಿನ ಯಾವ ಹೆಂಡತಿ ಇದನ್ನು ನಂಬಿಯಾಳು? ಅವತ್ತು ಭಾವನ ಸ್ನಾನ ಹಿತ್ತಲಿನಲ್ಲಿ, ಹುಲ್ಲಿಗೆ ನೀರು ಬಿಡುವ ಪೈಪಿನಲ್ಲೇ ಆಯಿತು!

ಕೊನೆಗೊಂದು ದಿನ ಹ್ಯೂಸ್ಟನ್ನಿನ ಮ್ಯೂಸಿಯಂಗೆ ಆ ಕಲಾವಿದನ ಮೂಲ ಚಿತ್ರಗಳೇ ಬಂದವು. ನಾನೇ ಭಾವನನ್ನು ಕರೆದುಕೊಂಡು ಹೋದೆ. ಅವರು ಗಾಜಿಗೆ ಮೂಗು ತಾಗಿಸಿದಾಗಲೆಲ್ಲ ಕಾವಲುಗಾರ "ಸರ್, ಪ್ಲೀಸ್" ಎನ್ನುತ್ತಿದ್ದ. ಹತ್ತನೆಯ ಸಲದ ಹೊತ್ತಿಗೆ ಇಬ್ಬರಿಗೂ ಸ್ನೇಹವೇ ಆಗಿಹೋಗಿತ್ತು.

ಕೊನೆಯ ಚಿತ್ರದ ಮುಂದೆ ಭಾವ ನನ್ನ ತೋಳು ಹಿಡಿದೆಳೆದು ತೋರಿಸಿದರು. ದೋಣಿಯ ಕೆಳಗಿನ ಮೂಲೆ, ಪುಸ್ತಕದಲ್ಲಿ ಬರೀ ಕಪ್ಪಾಗಿ ಅಚ್ಚಾಗಿದ್ದ ಜಾಗ. ಅಲ್ಲಿ ಬೆಂಕಿಯ ಮುಂದೆ ಬಗ್ಗಿದ ಒಬ್ಬ ಮನುಷ್ಯನಿದ್ದ, ಉಗುರಿನಷ್ಟು. ಮುಖವಿಲ್ಲ, ಬೆನ್ನು ಮಾತ್ರ.

"ನಮ್ಮಪ್ಪ ಅರಸೀಕೆರೆ ರೈಲ್ವೇಲಿ ಇಂಜಿನ್‌ಗೆ ಕಲ್ಲಿದ್ದಲು ಹಾಕ್ತಿದ್ರು ಕಣೋ," ಎಂದರು ಭಾವ ಮೆಲ್ಲಗೆ. "ನಂಗೆ ಆರು ವರ್ಷ ಆಗಿದ್ದಾಗ ಹೋಗ್ಬಿಟ್ರು. ಒಂದು ಫೋಟೋನೂ ಇಲ್ಲ. ಒಂದ್ಸಲ ಇಂಜಿನ್ ಹತ್ತಿಸ್ಕೊಂಡಿದ್ರು. ನೆನಪಿರೋದು ಬೆನ್ನೊಂದೇ."

ಇಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಭಾವ ಆ ಗಾಜನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡರು. ನಾನು ಹೆದರಿ ಕಾವಲುಗಾರನ ಕಡೆ ನೋಡಿದೆ. ಅವನು ಎದುರಿನ ಖಾಲಿ ಗೋಡೆಯನ್ನು ನೋಡುತ್ತಾ ನಿಂತಿದ್ದ.