ಬೀಗರ ಮನೆಗೆ ಬಿಳಿ ಹಲ್ಲು

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಒಬ್ಬ ಮನುಷ್ಯ ಯಾವ ಕಡೆಯವನೆಂದು ತಿಳಿಯಲು ಆಧಾರ್ ಕಾರ್ಡು ಕೇಳಬೇಕಾಗಿಲ್ಲ, ಒಂದು ನಗೆಮಾತು ಆಡಿದರೆ ಸಾಕು. ನಕ್ಕಾಗ ಬಾಯಿ ಬೆಳ್ಳಗೆ ಹೊಳೆದರೆ ಗಂಗಾವತಿ ಕಡೆಯವನು, ಕಾಲುವೆ ನೀರು ಕುಡಿದು ಬೆಳೆದವನು. ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ಕುಷ್ಟಗಿ, ಯಲಬುರ್ಗಾ ಕಡೆಯವನು, ಬೋರಿನ ಫ್ಲೋರೈಡ್ ನೀರು ಕುಡಿದು ಬೆಳೆದವನು. ನಗಲೇ ಇಲ್ಲವೆಂದರೆ? ಅವನೂ ಕುಷ್ಟಗಿ ಕಡೆಯವನೇ, ಸ್ವಲ್ಪ ನಾಚಿಕೆ ಜಾಸ್ತಿ, ಅಷ್ಟೆ. ನಾನು ಈ ಮೂರನೆಯ ಪಂಗಡದವನು. ಕೊಪ್ಪಳದ ಬಜಾರಿನಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಹೆಂಗಸರು ಸೀರೆ ತಂದು ಕೌಂಟರಿನ ಮೇಲೆ ಹರವಿದರೆ ಅದಕ್ಕೊಪ್ಪುವ ಜಂಪರ್ ಪೀಸನ್ನು ಕಣ್ಣು ಮುಚ್ಚಿಕೊಂಡು ತೆಗೆಯುತ್ತೇನೆ. ಬಿಳಿ ಒಂದರಲ್ಲೇ ಹಾಲುಬಿಳಿ, ಸುಣ್ಣದ ಬಿಳಿ, ಮೊಸರುಬಿಳಿ, ಕ್ರೀಮು, ಹಾಫ್ ವೈಟ್ ಎಂದು ಕಪಾಟು ತುಂಬಾ ಇಟ್ಟಿದ್ದೇನೆ. ಇಷ್ಟು ಬಿಳಿಗಳ ಒಡೆಯನಾದ ನನ್ನ ಬಾಯೊಳಗೆ ಮಾತ್ರ ಹಳೆಯ ಗೋಣಿಚೀಲದ ಬಣ್ಣ.

ಇಷ್ಟು ವರ್ಷ ತುಟಿ ಬಿಗಿಹಿಡಿದು ಮೂಗಿನಲ್ಲೇ ನಗುತ್ತಾ ಕಾಲ ಹಾಕಿದ್ದೆ. ಆದರೆ ಮಗಳು ಸಹನಾಳಿಗೆ ಗಂಗಾವತಿ ಕಡೆಯ ನವಲಿಯ ಒಳ್ಳೆಯ ಮನೆತನದ ಸಂಬಂಧ ಕೂಡಿಬಂತು. ಭತ್ತ ಬೆಳೆಯುವ ಜನ, ಮನೆಮಂದಿಗೆಲ್ಲ ಸೋನಾ ಮಸೂರಿಯಂಥ ಹಲ್ಲು. ಹೆಣ್ಣು ನೋಡಲು ಬಂದ ದಿನ ಬೀಗರು ಗಹಗಹಿಸಿ ನಕ್ಕರೆ ನಾನು ಕರವಸ್ತ್ರ ಬಾಯಿಗೊತ್ತಿಕೊಂಡು ಕೆಮ್ಮಿದೆ. ಅವರು ಹೋದ ಮೇಲೆ ಸಹನಾ ನನ್ನ ಮುಂದೆ ಬಂದು ನಿಂತಳು.

"ಅಪ್ಪಾ, ನನ್ನ ಎಲ್ಲಾ ಫೋಟೋದಾಗೂ ನೀ ಮಣ್ಣಿಗೆ ಬಂದವರಂಗ ನಿಂತಿರ್ತಿ. ನಿಶ್ಚಯದ ಫೋಟೋದಾಗರ ಬಾಯಿ ತಗದು ನಗಬೇಕು ನೋಡು. ನಾ ಬ್ಯಾರೆ ಏನೂ ಕೇಳಂಗಿಲ್ಲ."

ಬಂಗಾರ ಕೇಳಿದ್ದರೆ ಏನಾದರೂ ನೆಪ ಹೇಳಬಹುದಿತ್ತು. ನಗು ಕೇಳಿದಳು. ಅಂದಿನಿಂದ ಹಲ್ಲು ಬೆಳ್ಳಗಾಗಿಸುವ ದಾರಿ ಹುಡುಕುತ್ತಾ ಹೊರಟೆ. ದಾರಿಗಳಿಗೇನು ಬರವೇ? ಪಕ್ಕದ ಚಪ್ಪಲಿ ಅಂಗಡಿಯ ಗೆಳೆಯ ಅಡುಗೆ ಸೋಡಾದಲ್ಲಿ ನಿಂಬೆಹಣ್ಣು ಹಿಂಡಿಕೊಂಡು ತಿಕ್ಕು ಎಂದ. ತಿಕ್ಕಿದೆ. ಹಲ್ಲು ಹಾಗೇ ಉಳಿಯಿತು, ನೀರು ಕುಡಿದರೆ ಮಾತ್ರ ನೆತ್ತಿಯವರೆಗೆ ಜುಮ್ಮೆನ್ನತೊಡಗಿತು. ಮೊಬೈಲಿನಲ್ಲಿ ಒಬ್ಬಾಕೆ ಬಾಳೆಹಣ್ಣಿನ ಸಿಪ್ಪೆ ಉಜ್ಜಿಕೊಳ್ಳಿ ಎಂದಳು. ಹಣ್ಣು ತಿಂದದ್ದಷ್ಟೇ ಲಾಭ. ಆಮೇಲೆ ಇದ್ದಿಲಿನ ಪುಡಿಯ ಡಬ್ಬಿ ತರಿಸಿದೆ. ನಮ್ಮವ್ವ ಒಲೆಯ ಇದ್ದಿಲು ಕೊಟ್ಟಾಗ ಮೂಗು ಮುರಿದು ಪೇಸ್ಟು ಬೇಕೆಂದು ಹಟ ಹಿಡಿದವನು ನಾನೇ. ಈಗ ಅದೇ ಇದ್ದಿಲಿಗೆ ಪಾರ್ಸಲ್ ಹುಡುಗನ ದಾರಿ ಕಾದೆ. ಬೆಳಿಗ್ಗೆ ಕರಿ ಬಾಯಿಯೊಂದಿಗೆ ಬಚ್ಚಲಿನಿಂದ ಹೊರಬಂದಾಗ ಹೆಂಡತಿ ಗಿರಿಜಾ ಚೀರಿ ಹಾಲಿನ ಪಾತ್ರೆ ಕೈಬಿಟ್ಟಳು. "ದವಾಖಾನಿಗೆ ಹೋಗ್ರಿ ಒಮ್ಮೆ, ನಿಮ್ಮ ಹಲ್ಲಿನ ಸಂಬಂಧ ಮನ್ಯಾಗ ಹಾಲು ಉಳಿಲಾರದಂಗಾತು" ಎಂದಳು.

ಹಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನನ್ನ ಅಂಗಡಿಯ ಗಿರಾಕಿ ಕೂಡ. ಬಾಯಿಗೆ ಬೆಳಕು ಬಿಟ್ಟು ನೋಡಿ, "ಇದು ಮ್ಯಾಲ ಬಿದ್ದ ಕಲಿ ಅಲ್ಲರಿ ಕಾಕಾ. ಸಣ್ಣವರಿದ್ದಾಗ, ಹಲ್ಲು ಮೂಡೂ ಮೊದಲೇ ಆಗೇತಿ. ನೂಲಿಗೇ ಬಣ್ಣ ಹತ್ತಿದ ಅರಿವಿ ಇದ್ದಂಗ, ತೊಳದ್ರ ಹೋಗಂಗಿಲ್ಲ" ಎಂದರು. ನನ್ನ ಭಾಷೆಯಲ್ಲೇ ಹೇಳಿದ್ದರಿಂದ ತಕ್ಷಣ ಅರ್ಥವಾಯಿತು. ಮೇಲಿನ ಪದರ ತುಸು ತೀಡಬಹುದು, ಔಷಧ ಹಚ್ಚಿ ತಿಳಿಗೊಳಿಸಬಹುದು, ಇಲ್ಲವೇ ಹಲ್ಲಿನ ಮೇಲೆ ತೆಳ್ಳನೆಯ ಚಿಪ್ಪು ಅಂಟಿಸಬಹುದು ಎಂದು ವಿವರಿಸಿ, ಬಣ್ಣಬಣ್ಣದ ಹಲ್ಲುಗಳ ಒಂದು ಪಟ್ಟಿಯನ್ನು ಮುಂದಿಟ್ಟರು. ಅದನ್ನು ಕಂಡದ್ದೇ ನನಗೆ ಅಂಗಡಿಯಲ್ಲಿ ಕುಳಿತಷ್ಟು ಧೈರ್ಯ ಬಂತು. ಎಲ್ಲಕ್ಕಿಂತ ಬಿಳಿಯದನ್ನು ಮುಟ್ಟಿ, "ಇದನ್ನ ಕೊಡ್ರಿ" ಎಂದೆ.

"ಅದು ಬಚ್ಚಲದ ಟೈಲ್ಸಿನ ಬಿಳಿ ಆಗತೈತ್ರಿ, ನಿಮ್ಮ ಮಾರಿಗೆ ಮ್ಯಾಚ್ ಆಗಂಗಿಲ್ಲ" ಎಂದರು.

ಮ್ಯಾಚಿಂಗ್ ಸೆಂಟರಿನವನಿಗೆ ಮ್ಯಾಚ್ ಆಗುವುದಿಲ್ಲ ಎನ್ನುವುದೇ! ಅವಮಾನ ನುಂಗಿಕೊಂಡು ಔಷಧದ ದಾರಿಗೆ ಒಪ್ಪಿದೆ. ಆದರೆ ಇವತ್ತೇ ಬೇಡ, ನಿಶ್ಚಯದ ಹಿಂದಿನ ದಿನ ಬರುತ್ತೇನೆ ಎಂದೆ. ಅಂಗಿಗೆ ಇಸ್ತ್ರಿ ಹಾಕಿಸುವುದು ತೊಡುವ ಹೊತ್ತಿಗಲ್ಲವೇ? ಮೊದಲೇ ಮಾಡಿಸಿದರೆ ಮುದುಡುತ್ತದೆ. ಮೊದಲೇ ಬನ್ನಿ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಅರಿವೆ ವ್ಯಾಪಾರಿಯ ಬುದ್ಧಿ ಹಲ್ಲಿಗೂ ಇಸ್ತ್ರಿಯನ್ನೇ ಹಚ್ಚಿತು. ಹೇಳಿದ ದಿನ ಹೋಗಿ ಮಾಡಿಸಿಕೊಂಡೆ. ಪಟ್ಟೆಗಳು ಪೂರ್ತಿ ಹೋಗದಿದ್ದರೂ ಎಷ್ಟೋ ತಿಳಿಯಾದವು. ಕನ್ನಡಿಯಲ್ಲಿ ನನ್ನನ್ನು ನೋಡಿ ನಾನೇ ನಕ್ಕೆ. ಆಗ ಅವರು ಹೇಳಿದರು: "ಎರಡು ದಿನ ಬಿಳಿ ಪದಾರ್ಥ ಬಿಟ್ಟು ಏನೂ ತಿನ್ನಬ್ಯಾಡ್ರಿ. ಚಾ, ಖಾರ, ಅರಿಷಿಣ, ಎಲಿ ಅಡಿಕಿ, ಯಾವುದೂ ಬ್ಯಾಡ. ಈಗ ಹಲ್ಲು ಬಣ್ಣ ಲಗೂನ ಹಿಡಿತಾವು."

ಮರುದಿನ ನವಲಿಯಲ್ಲಿ ಬೀಗರ ದೊಡ್ಡ ಅಂಗಳದಲ್ಲೇ ನಿಶ್ಚಯ. ಹೋದ ಕೂಡಲೇ ಕಡಕ್ ಕೇಟಿ ಚಹಾ ಬಂತು, ಬೇಡವೆಂದೆ. ಊಟಕ್ಕೆ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಕೆಂಪಿಂಡಿ ಚಟ್ನಿ ಬಂದವು. ಎಲ್ಲಕ್ಕೂ ಎಲೆಯ ಮೇಲೆ ಕೈ ಅಡ್ಡ ಹಿಡಿದು ಅನ್ನ ಮೊಸರು ಉಂಡೆ. ಬಡಿಸುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬೀಗರಿಗೆ ಮನಸಿದ್ದಂಗಿಲ್ಲ" ಎಂಬ ಪಿಸುಮಾತು ನನ್ನ ಕಿವಿಗೂ ಬಿತ್ತು. ಗಿರಿಜಾ ಕಣ್ಣಿನಲ್ಲೇ ನನ್ನನ್ನು ಸುಡುತ್ತಿದ್ದಳು.

ಅಷ್ಟರಲ್ಲಿ ಎಲೆ ಅಡಿಕೆಯ ಹೊತ್ತು ಬಂತು. ನಮ್ಮ ಕಡೆ ಉಂಗುರವೆಲ್ಲ ಆಮೇಲೆ. ಎರಡೂ ಕಡೆಯ ಹಿರಿಯರು ಹತ್ತು ಜನರೆದುರು ಎಲೆ ಹಾಕಿಕೊಂಡರೇ ಮಾತು ಗಟ್ಟಿ. ವರನ ಅಜ್ಜಿ ಈರಮ್ಮ ಸಂಚಿ ಬಿಚ್ಚಿ, ಸುಣ್ಣ ಕಾಚು ಹಚ್ಚಿ, ಮಡಿಸಿ ನನ್ನ ಮುಂದೆ ಹಿಡಿದರು. ನನ್ನ ಕೈ ಮೇಲೇಳಲಿಲ್ಲ.

"ಚಾ ಬ್ಯಾಡಂದ್ರಿ, ಹೋಳಿಗಿ ಬ್ಯಾಡಂದ್ರಿ. ಇದನ್ನೂ ಬ್ಯಾಡ ಅಂದ್ರ ಮಾತು ಮುರದಂಗ ನೋಡ್ರಿ ಬೀಗರ" ಎಂದರು ಅಜ್ಜಿ.

ಸಹನಾಳ ಕಡೆ ನೋಡಿದೆ. ಮುಖ ಬಿಳಿಚಿಕೊಂಡಿತ್ತು. ಬಣ್ಣ ಇಳಿಯುವುದನ್ನು ನಾನು ನನ್ನ ಕಸುಬಿನಲ್ಲಿ ಸಾಕಷ್ಟು ಕಂಡಿದ್ದೇನೆ, ಅಷ್ಟು ಬೇಗ ಇಳಿದದ್ದನ್ನು ಕಂಡಿರಲಿಲ್ಲ. ಎಲೆ ಇಸಿದುಕೊಂಡು ಬಾಯಿಗಿಟ್ಟು ಕಚಕಚನೆ ಅಗಿದೆ. ಕಾಚು ಹಲ್ಲಿನ ಸಂದುಸಂದಿಗೂ ಇಳಿಯುವುದು ನನಗೆ ತಿಳಿಯುತ್ತಿತ್ತು. ಇನ್ನೇನು ಮುಚ್ಚಿಡುವುದು?

"ತಪ್ಪು ತಿಳಕೋಬ್ಯಾಡ್ರಿ ಅಜ್ಜಿ. ನಿನ್ನೆ ಹಲ್ಲು ಬೆಳ್ಳಗ ಮಾಡಿಸಿಕೊಂಡು ಬಂದೇನಿ. ಬಣ್ಣದ್ದು ತಿನಬ್ಯಾಡ ಅಂದಾರ, ಅದಕ್ಕ..."

ಅಜ್ಜಿ ನನ್ನ ಬಾಯೊಳಗೆ ಇಣುಕಿ ನೋಡಿದರು. "ಎತ್ತು ಕೊಳ್ಳಾಕ ಹೋದಾಗ ಹಲ್ಲು ನೋಡತಾರೋ ಯಪ್ಪಾ! ಬೀಗತನಕ್ಕೂ ನೋಡತಾರೇನು?"

ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ, ಕರವಸ್ತ್ರ ಎಲ್ಲಿ ಹೋಯಿತೋ ಗೊತ್ತಿಲ್ಲ. ಫೋಟೋದವನು ಅದೇ ಹೊತ್ತಿಗೆ ಕ್ಲಿಕ್ಕಿಸಿದ.

ಫೋಟೋ ಮೊಬೈಲಿಗೆ ಬಂತು. ಅದರಲ್ಲಿ ನನ್ನ ಬಾಯಿ, ಆಗಷ್ಟೇ ಯಾರನ್ನೋ ಕಚ್ಚಿ ಬಂದವನಂತೆ ಕೆಂಪಗಿದೆ. ಪಕ್ಕದಲ್ಲಿ ಸಹನಾ ನನ್ನ ತೋಳು ಹಿಡಿದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಾಳೆ. ಇದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸುತ್ತೇನೆ ಎಂದಳು. ನಾನೂ ಹಿರಿಯನಂತೆ ತಲೆಯಾಡಿಸಿ, "ಹಲ್ಲಿನ ಬಣ್ಣದಾಗ ಏನೈತವ್ವಾ, ಮನಸು ಛಲೋ ಇದ್ರ ಸಾಕು" ಎಂದು ನಾಲ್ಕು ಮಾತು ಉಪದೇಶ ಮಾಡಿದೆ. ಗಿರಿಜಾಳಂತೂ ನನಗೆ ಬುದ್ಧಿ ಬಂತೆಂದು ದೇವರಿಗೆ ಕೈ ಮುಗಿದಳು.

ಮರುದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಫೋಟೋದವನಿಗೆ ಮೆಲ್ಲಗೆ ಫೋನು ಹಚ್ಚಿದೆ. "ತಮ್ಮಾ, ಕಂಪ್ಯೂಟರಿನಾಗ ನನ್ನ ಹಲ್ಲಿಗೆ ಒಂಚೂರು ಮೊಸರುಬಿಳಿ ಹಚ್ಚಾಕ ಆಗತೈತೇನು? ಬಾಳ ಬ್ಯಾಡ."

ಆ ಕಡೆಯಿಂದ ಅವನು ನಕ್ಕ. "ಆಗಂಗಿಲ್ರಿ ಸಾವುಕಾರ. ಅಪ್ಪ ಫೋನ್ ಮಾಡತಾನ, ಏನ್ ಹೇಳಿದ್ರೂ ಕೇಳಬ್ಯಾಡ ಅಂತ ನಿಮ್ಮ ಮಗಳು ನಿನ್ನೆನೇ ಹೇಳ್ಯಾರ."